ಒಂದು ಫ್ಲಾಟು, ಆರು ಹುಡುಗರು, ದಿನಕ್ಕೆ ಹತ್ತು ಲೀಟರ್ ಪಸೆ: ಕಾರವಾರದ ಒಂದು ಪ್ರಕರಣ

ಆರಿದ್ರಾ ಮಳೆ ಹಿಡಿದ ವಾರದೊಳಗೆ ಮೊದಲ ಮಹಡಿಯ ಫ್ಲಾಟಿನ ಪಡುವಣ ಕೋಣೆಯಲ್ಲಿ ಕಪಾಟಿನ ಹಿಂದಿನ ಗೋಡೆ ಕಪ್ಪಾಯಿತು. ಹತ್ತು ದಿನಕ್ಕೆ ಚಾವಣಿಯ ಮೂಲೆ, ಹದಿನೈದು ದಿನಕ್ಕೆ ಮಂಚದ ತಲೆದೆಸೆ. ಚಪ್ಪಲಿ ಸ್ಟ್ಯಾಂಡಿನಲ್ಲಿದ್ದ ಚರ್ಮದ ಶೂ ಮೇಲೆ ಹಸಿರು ಬೂಷ್ಟು, ಬೆಲ್ಟಿನ ಮೇಲೆ ಬಿಳಿ ಬೂಷ್ಟು. ಉಬ್ಬಸದ ತೊಂದರೆ ಇದ್ದ ಒಬ್ಬ ಹುಡುಗ ನಡುಮನೆಗೆ ಹಾಸಿಗೆ ಎಳೆದುಕೊಂಡ. ಹಿಂದಿನ ಮಳೆಗಾಲದಲ್ಲೂ ಹೀಗೇ ಆಗಿತ್ತು. ಆಗ ಮಾಲೀಕರು ಟೆರೇಸ್ ಸೋರುತ್ತಿದೆ ಎಂದು ತೀರ್ಮಾನಿಸಿ, ಬೇಸಿಗೆಯಲ್ಲಿ ಇಡೀ ಟೆರೇಸಿಗೆ ವಾಟರ್‌ಪ್ರೂಫಿಂಗ್ ಬಳಿಸಿ, ಒಳಗೆ ಪುಟ್ಟಿ ಮತ್ತು ಪ್ಲಾಸ್ಟಿಕ್ ಎಮಲ್ಷನ್ ಹೊಡೆಸಿದ್ದರು. ಆ ಖರ್ಚಿನ ಮೇಲೆ ಈಗ ಇನ್ನೊಂದು ಮಳೆ ಬಿದ್ದಿತ್ತು.

ಇಲ್ಲಿ ಹೇಳಿರುವುದು ಮಾದರಿ ಪ್ರಕರಣ. ಕಾರವಾರದ ವಿದ್ಯಾರ್ಥಿ ಫ್ಲಾಟುಗಳಲ್ಲಿ ಮಳೆಗಾಲದಲ್ಲಿ ಎದುರಾಗುವುದನ್ನೆಲ್ಲ ಒಂದೇ ಕಟ್ಟಡಕ್ಕೆ ತಂದು ನಿಲ್ಲಿಸಿದೆ.

ಕಟ್ಟಡ ಸಮುದ್ರದಿಂದ ಸುಮಾರು ಒಂದು ಕಿಲೋಮೀಟರ್ ಒಳಗಿದೆ. ನೆಲಮಹಡಿ ಸೇರಿ ಮೂರು ಮಹಡಿ, ಮಹಡಿಗೆ ಎರಡರಂತೆ ಆರು ಫ್ಲಾಟು. ಎಲ್ಲವೂ 850 ಚದರ ಅಡಿಯ ಎರಡು ಬೆಡ್‌ರೂಮಿನವು, ಚಿರೆಕಲ್ಲಿನ ಗೋಡೆ, ಸಿಮೆಂಟ್ ಗಿಲಾವು, ಜಾರುವ ಅಲ್ಯೂಮಿನಿಯಂ ಕಿಟಕಿ. ರಸ್ತೆ ಮೂಡಣಕ್ಕೆ, ಬೆಡ್‌ರೂಮುಗಳು ಪಡುವಣಕ್ಕೆ. ನಾಲ್ಕು ಫ್ಲಾಟುಗಳಲ್ಲಿ ವಿದ್ಯಾರ್ಥಿಗಳು, ಎರಡರಲ್ಲಿ ಸಂಸಾರಗಳು. ಊರಿನಲ್ಲಿ ಇಂಥ ಫ್ಲಾಟಿಗೆ ಗಿರಾಕಿ ತಪ್ಪುವುದಿಲ್ಲ. ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ರಾಜ್ಯದ ಎಲ್ಲ ಕಡೆಯಿಂದ ಹುಡುಗರು ಬರುತ್ತಾರೆ, ಮಾಜಾಳಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಹಾಸ್ಟೆಲ್ ಸಾಲದಾದಾಗ, ಅಥವಾ ಮೆಸ್ಸಿನ ಊಟ ಸಾಕೆನಿಸಿದಾಗ, ನಾಲ್ಕೈದು ಮಂದಿ ಸೇರಿ ಅಡುಗೆಮನೆ ಇರುವ ಫ್ಲಾಟು ಹಿಡಿಯುತ್ತಾರೆ. ಕರಾರು 11 ತಿಂಗಳದ್ದು, ಬಾಡಿಗೆ ತಲೆಗೆ ಇಷ್ಟು ಎಂದು. ಹೀಗೆ ತಲೆಲೆಕ್ಕದ ಬಾಡಿಗೆ ಬಂದಾಗ ನಾಲ್ಕು ಮಂದಿಗೆಂದು ಕಟ್ಟಿದ ಮನೆಗೆ ಆರು ಮಂಚ ಬಂದು ಕೂರುವುದು ಸಹಜ.

ಈ ಫ್ಲಾಟಿನಲ್ಲೂ ಆರು ಮಂದಿ. ನಾಲ್ವರು ಬಯಲುಸೀಮೆಯವರು, ಇಂಥ ಮಳೆ ಮೊದಲ ಬಾರಿ ನೋಡುತ್ತಿರುವವರು.

ಮಾಲೀಕರು ಬಂದು ನೋಡಿದ ದಿನದ ಮಾತು ಹೀಗಿತ್ತು:

"ಟೆರೇಸಿಗೆ ಅಷ್ಟು ದುಡ್ಡು ಸುರಿದಾಯ್ತು ಮಾರಾಯ್ರೆ. ಎದುರಿನ ಫ್ಲಾಟು ನೋಡಿ, ಒಂದು ಚುಕ್ಕೆ ಇಲ್ಲ. ನೀವು ಮನೆ ಇಟ್ಟುಕೊಂಡ ರೀತಿ ಇದು."

"ನಾವೇನ್ ಮಾಡೂಣ್ರಿ ಅಂಕಲ್, ಗ್ವಾಡಿನ ಬೆವರಾಕತ್ತೈತ್ರಿ."

ಎರಡು ಮಾತಿನಲ್ಲೂ ಅರ್ಧರ್ಧ ಸತ್ಯ ಇತ್ತು. ಎದುರಿನ ಫ್ಲಾಟು ಈ ಫ್ಲಾಟಿನ ಕನ್ನಡಿ ಪ್ರತಿಬಿಂಬ: ಅದೇ ಮಹಡಿ, ಅದೇ ಪಡುವಣ ಗೋಡೆ, ಅದೇ ಬಣ್ಣ. ಅಲ್ಲಿ ಗಂಡ, ಹೆಂಡತಿ, ಒಂದು ಮಗು. ಇನ್ನೊಂದು ಸಂಗತಿಯನ್ನು ಯಾರೂ ಗಮನಿಸಿರಲಿಲ್ಲ. ಮೊದಲ ಮಹಡಿಯ ತಲೆಯ ಮೇಲೆ ಟೆರೇಸ್ ಇಲ್ಲವೇ ಇಲ್ಲ, ಇನ್ನೊಂದು ಫ್ಲಾಟಿದೆ. ಟೆರೇಸಿನ ನೀರು ಎರಡನೇ ಮಹಡಿಯನ್ನು ಒದ್ದೆ ಮಾಡದೆ ಮೊದಲ ಮಹಡಿಗೆ ಇಳಿಯಬೇಕಾದರೆ ಪೈಪಿನೊಳಗೇ ಬರಬೇಕು. ವಾಟರ್‌ಪ್ರೂಫಿಂಗ್‌ಗೆ ಮುಂಚೆ ಟೆರೇಸಿನ ನೀರುಗಂಡಿಗಳನ್ನು ಮುಚ್ಚಿ ಎರಡು ಇಂಚು ನೀರು ನಿಲ್ಲಿಸಿ 48 ಗಂಟೆ ಕಾದಿದ್ದರೆ ಆ ಖರ್ಚು ಉಳಿಯುತ್ತಿತ್ತು. ಆ ಪರೀಕ್ಷೆಗೆ ಬೇಕಾದ್ದು ನಾಲ್ಕು ಗೋಣಿಚೀಲ ಮತ್ತು ಒಂದಿಷ್ಟು ಜೇಡಿಮಣ್ಣು.

ತಪಾಸಣೆ

ಮೊದಲ ಕೆಲಸ ಕಲೆಗಳ ನಕ್ಷೆ. ಫ್ಲಾಟಿನ ಒರಟು ಚಿತ್ರ ಬರೆದು, ಕಲೆ ಎಲ್ಲೆಲ್ಲಿ, ಯಾವ ಬಣ್ಣ, ಯಾವ ಆಕಾರ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಲಾಯಿತು. ಹಾಕುತ್ತಿದ್ದಂತೆ ಎರಡು ಜಾತಿಯ ಕಲೆಗಳು ಬೇರೆಯಾದವು. ಕಪಾಟಿನ ಹಿಂದೆ, ಚಾವಣಿ ಮೂಲೆಯಲ್ಲಿ, ಬಚ್ಚಲಮನೆಯ ಬಾಗಿಲ ಮೇಲೆ ಇದ್ದದ್ದು ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ, ಅಂಚು ಮಸುಕು, ಬೆರಳಿಗೆ ಅಂಟುತ್ತದೆ. ಪಡುವಣ ಕಿಟಕಿಯ ಕೆಳಗೆ ಮಾತ್ರ ಚಹಾ ಚೆಲ್ಲಿದಂತೆ ಕಂದು ಕಲೆ, ಅಂಚು ಸ್ಪಷ್ಟ, ಬಣ್ಣ ಗುಳ್ಳೆ ಎದ್ದಿದೆ, ನೀರು ಇಳಿದ ಗೆರೆಗಳಿವೆ. ಮೊದಲನೆಯದು ಗಾಳಿಯ ಪಸೆ, ಎರಡನೆಯದು ಮಳೆನೀರು. ಹಿಂದಿನ ವರ್ಷ ಎರಡನ್ನೂ ಒಟ್ಟಿಗೆ "ಸೋರಿಕೆ" ಎಂದು ಕರೆದಲ್ಲೇ ಹಾದಿ ತಪ್ಪಿತ್ತು.

ಖಾತ್ರಿಗೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಗೋಡೆ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಕೋಣೆ ಕಡೆಯ ಮೈ ಒದ್ದೆಯಾಗಿ ಹಿಂಬದಿ ಒಣಗಿದ್ದರೆ ಕೋಣೆಯ ಗಾಳಿಯದೇ ಕಿತಾಪತಿ. ಒದ್ದೆ ಗೋಡೆಗೆ ಟೇಪು ಅಂಟುವುದಿಲ್ಲ. ಮೊದಲು ಬಟ್ಟೆಯಿಂದ ಒರೆಸಿ, ಹೇರ್ ಡ್ರೈಯರ್‌ನಲ್ಲಿ ಅಂಚು ಬೆಚ್ಚಗೆ ಮಾಡಿ ಹಚ್ಚಬೇಕು. ಮೂರು ಕಡೆ ಹಚ್ಚಿದ ಹಾಳೆಗಳಲ್ಲಿ ಕಿಟಕಿ ಕೆಳಗಿನದು ಹಿಂಬದಿಯಲ್ಲಿ ಒದ್ದೆ, ಉಳಿದೆರಡು ಮುಂಬದಿಯಲ್ಲಿ.

ಕರಾವಳಿಯಲ್ಲಿ ಮೂರನೇ ಜಾತಿಯ ಕಲೆಯೂ ಇದೆ, ಈ ಫ್ಲಾಟಿನಲ್ಲಿ ಅದು ಇರಲಿಲ್ಲ. ಗಿಲಾವಿಗೆ ಉಪ್ಪಿನಂಶದ ಮರಳು ಬಿದ್ದಿದ್ದರೆ, ಮಳೆ ಬಾರದ ದಿನವೂ ಗಾಳಿಯ ತೇವ ಶೇಕಡಾ 75 (ಗಾಳಿ ಹಿಡಿಯಬಲ್ಲ ನೀರಾವಿಯ ಮುಕ್ಕಾಲು) ದಾಟಿದೊಡನೆ ಆ ಜಾಗ ಕಪ್ಪಗೆ ಒದ್ದೆಯಾಗುತ್ತದೆ, ಜನವರಿಯಲ್ಲಿ ಬಿಳಿ ಪುಡಿ ಉದುರಿಸುತ್ತದೆ. ಅದಕ್ಕೆ ಗಿಲಾವು ಕೆತ್ತುವುದೊಂದೇ ದಾರಿ.

ಮುಂದೆ ತೇವಮಾಪಕ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಡಿಜಿಟಲ್ ಮಾಪಕಗಳು ಒಂದಕ್ಕೊಂದು ಐದಾರು ಅಂಕಿ ವ್ಯತ್ಯಾಸ ತೋರಿಸುತ್ತವೆ. ಹಾಗಾಗಿ ಬಳಸುವ ಮುಂಚೆ ಉಪ್ಪಿನ ಪರೀಕ್ಷೆ ಮಾಡಲೇಬೇಕು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನಷ್ಟು ನೀರು ಬೆರೆಸಿ, ಮಾಪಕದೊಂದಿಗೆ ಗಾಳಿ ಆಡದ ಡಬ್ಬದಲ್ಲಿ ಎಂಟು ಗಂಟೆ ಇಟ್ಟರೆ ಅದು 75 ತೋರಿಸಬೇಕು. 79 ತೋರಿಸಿದರೆ ಮುಂದಿನ ಎಲ್ಲ ಅಳತೆಯಿಂದ 4 ಕಳೆಯುವುದು. ಹೀಗೆ ಸರಿಮಾಡಿದ ಮೂರು ಮಾಪಕಗಳನ್ನು ಬಾಲ್ಕನಿ, ಹುಡುಗರ ಬೆಡ್‌ರೂಮು ಮತ್ತು ಎದುರು ಸಂಸಾರದ ಬೆಡ್‌ರೂಮಿನಲ್ಲಿ ಇಟ್ಟು ನಾಲ್ಕು ದಿನ ಬೆಳಗಿನ ಆರಕ್ಕೂ ಸಂಜೆ ಆರಕ್ಕೂ ಬರೆದುಕೊಳ್ಳಲಾಯಿತು. ಹೊರಗೆ 90ರ ಆಸುಪಾಸು. ಸಂಸಾರದ ಕೋಣೆಯಲ್ಲಿ 82ರಿಂದ 84. ಹುಡುಗರ ಕೋಣೆಯಲ್ಲಿ ಬೆಳಗ್ಗೆ 95, ಸ್ನಾನದ ಸರದಿ ಮುಗಿಯುವಾಗ 98.

ಮಳೆಯಲ್ಲಿ ನಿಂತ ಬಾಲ್ಕನಿಗಿಂತ ಮನೆಯೊಳಗೆ ಹೆಚ್ಚು ತೇವ. ಮೇಲ್ಮೈಯ ತೇವ ದಿನಗಟ್ಟಲೆ 80ರ ಮೇಲೆ ನಿಂತರೆ ಬೂಷ್ಟು ಬೆಳೆಯಲು ಶುರು. ಗೋಡೆಗೆ ಹರಿಯುವ ನೀರು ಬೇಕಾಗಿಲ್ಲ.

ನೀರಿನ ಲೆಕ್ಕ

ಈ ಪ್ರಕರಣದ ತಿರುಳು ಈ ಲೆಕ್ಕದಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡಬೇಕು.

ಸುಮ್ಮನೆ ಕೂತ ಅಥವಾ ಮಲಗಿದ ಒಬ್ಬ ಮನುಷ್ಯ ಉಸಿರು ಮತ್ತು ಬೆವರಿನಿಂದ ಗಂಟೆಗೆ 40ರಿಂದ 50 ಗ್ರಾಂ ನೀರು ಗಾಳಿಗೆ ಬಿಡುತ್ತಾನೆ. ದಿನಕ್ಕೆ ಹನ್ನೆರಡು ಗಂಟೆ ಮನೆಯಲ್ಲಿದ್ದರೆ ಅರ್ಧ ಲೀಟರ್ ದಾಟಿತು; ಆರು ಮಂದಿಗೆ ಮೂರೂವರೆ ಲೀಟರ್ ಹತ್ತಿರ. ಸ್ನಾನ ಮತ್ತು ಒದ್ದೆ ಬಚ್ಚಲು ಒಂದೂವರೆ ಲೀಟರ್. ಅಡುಗೆಯಲ್ಲಿ ಜನರಿಗೆ ಗೊತ್ತಿಲ್ಲದ ಒಂದು ಬಾಬ್ತಿದೆ: ಗ್ಯಾಸ್ ಉರಿದರೇ ನೀರು ಹುಟ್ಟುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ. ಅಂದರೆ 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿಗೂ ಮಿಕ್ಕಿ ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಈ ಫ್ಲಾಟಿನಲ್ಲಿ ಸಿಲಿಂಡರ್ ಮೂರು ವಾರ ಬರುತ್ತದೆ, ಹಾಗಾಗಿ ದಿನಕ್ಕೆ ಒಂದು ಲೀಟರ್. ಅನ್ನ, ಸಾರು, ಚಹಾದ ಆವಿ ಸೇರಿದರೆ ಎರಡೂವರೆ. ಇನ್ನು ಬಟ್ಟೆ. ಆರು ಮಂದಿಯ ಬಟ್ಟೆ ಒಣಗಿದ್ದಾಗ ದಿನಕ್ಕೆ ಮೂರು ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಕೈಯಲ್ಲಿ ಹಿಂಡಿದ ಬಟ್ಟೆ ತನ್ನ ತೂಕದ ಮುಕ್ಕಾಲು ಭಾಗಕ್ಕೂ ಮೀರಿ ನೀರು ಹಿಡಿದುಕೊಂಡಿರುತ್ತದೆ. ಬೆಡ್‌ರೂಮಿನಲ್ಲಿ ಕಿಟಕಿಯ ಸರಳಿನಿಂದ ಫ್ಯಾನಿನ ಕೊಂಡಿಗೆ ಕಟ್ಟಿದ ಹಗ್ಗದಿಂದ ದಿನಕ್ಕೆ ಎರಡೂವರೆ ಲೀಟರ್ ಗಾಳಿಗೆ ಏರುತ್ತಿತ್ತು. ಒಟ್ಟು ಹತ್ತು ಲೀಟರ್.

ಈಗ ಈ ಹತ್ತು ಲೀಟರಿಗೆ ಜಾಗ ಎಷ್ಟಿದೆ ನೋಡಿ. ಫ್ಲಾಟಿನೊಳಗಿನ ಗಾಳಿ ಸುಮಾರು 200 ಘನ ಮೀಟರ್. 27 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 26 ಗ್ರಾಂ ನೀರಾವಿ ಹಿಡಿಯುತ್ತದೆ. ಹೊರಗಿನಿಂದ ಬರುವ ಗಾಳಿ ಆಗಲೇ 90 ಭಾಗ ತುಂಬಿಕೊಂಡು ಬಂದಿದೆ. ಉಳಿದ ಜಾಗ ಘನ ಮೀಟರಿಗೆ ಎರಡೂವರೆ ಗ್ರಾಂ ಚಿಲ್ಲರೆ. ಇಡೀ ಮನೆಗೆ ಅರ್ಧ ಲೀಟರ್. ಅರ್ಧ ಲೀಟರ್ ಜಾಗಕ್ಕೆ ಹತ್ತು ಲೀಟರ್ ಸುರಿದರೆ, ಮನೆಯ ಗಾಳಿ ದಿನಕ್ಕೆ ಕನಿಷ್ಠ ಇಪ್ಪತ್ತು ಸಲ ಪೂರ್ತಿ ಬದಲಾಗದ ಹೊರತು ಉಳಿದದ್ದು ಗೋಡೆ, ಹಾಸಿಗೆ, ಪುಸ್ತಕಗಳಿಗೇ ಹೋಗಬೇಕು.

ಅದೇ ಗಾಳಿ ಮೂರು ಡಿಗ್ರಿ ಬೆಚ್ಚಗಾದರೆ ಆ ಜಾಗ ಅರ್ಧ ಲೀಟರಿನಿಂದ ಸುಮಾರು ಒಂದೂವರೆ ಲೀಟರಿಗೆ ಏರುತ್ತದೆ. ಶಿರಸಿ, ಸಿದ್ದಾಪುರದ ಕಡೆಯ ಹಳೆ ಮನೆಗಳಲ್ಲಿ ಮಳೆಗಾಲದ ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕುತ್ತಿದ್ದುದು ಇದೇ ಲೆಕ್ಕದ ಮೇಲೆ. ಹಂಡೆಯ ಉರಿ ನೀರು ಕಾಯಿಸುತ್ತ ಗಾಳಿಯನ್ನೂ ಬೆಚ್ಚಗೆ ಮಾಡುತ್ತಿತ್ತು, ಹಂಚಿನ ಸಂದಿಗಳಿಂದ ಆವಿ ಹೊರಗೆ ಹೋಗುತ್ತಿತ್ತು. ಕಾಂಕ್ರೀಟ್ ಫ್ಲಾಟು ಬಂದಾಗ ಒಲೆ ಹೋಯಿತು, ಹಂಚು ಹೋಯಿತು, ಒದ್ದೆ ಬಟ್ಟೆ ಮಾತ್ರ ಉಳಿಯಿತು.

ಎದುರು ಸಂಸಾರದ ಮನೆಗೂ ಇದೇ ವಿವರಣೆ. ಮೂವರ ಪಸೆ, ಬಟ್ಟೆ ಬಾಲ್ಕನಿಯಲ್ಲಿ, ಹಗಲೆಲ್ಲ ಮನೆಯಲ್ಲಿ ಜನ, ಮೂಡಣದ ಕಿಟಕಿ ತೆರೆದಿರುತ್ತದೆ. ಒಳಗಿನ ಉಷ್ಣತೆ ಹೊರಗಿಗಿಂತ ಒಂದೂವರೆ ಡಿಗ್ರಿ ಹೆಚ್ಚಿದ್ದರೂ ಸಾಕು, 90ರ ಗಾಳಿ 83ಕ್ಕೆ ಇಳಿಯುತ್ತದೆ. ಅಲ್ಲಿಯೂ ಕಪಾಟು ಸರಿಸಿ ನೋಡಿದಾಗ ತೆಳ್ಳಗೆ ಬೂಷ್ಟು ಇತ್ತು, ಮನೆಯವರು ವಾರಕ್ಕೊಮ್ಮೆ ಒರೆಸುತ್ತಿದ್ದರು. "ಒಂದು ಚುಕ್ಕೆ ಇಲ್ಲ" ಎಂಬುದು ಮಾಲೀಕರ ಉತ್ಪ್ರೇಕ್ಷೆ.

ಹೊರಹೋಗುವ ದಾರಿ ಮುಚ್ಚಿದ್ದು ಹೇಗೆ

ಹುಡುಗರು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕುತ್ತಿರಲಿಲ್ಲ. ಕಾರಣ ಕೇಳಿದರೆ ಗೃಹಜ್ಯೋತಿ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕಾಗುತ್ತದೆಂಬ ಭಯಕ್ಕೆ ಕಣ್ಣಿಗೆ ಕಂಡದ್ದನ್ನೆಲ್ಲ ಆರಿಸುತ್ತಿದ್ದರು. 30 ವಾಟಿನ ಫ್ಯಾನು ದಿನಕ್ಕೆ ನಾಲ್ಕು ಗಂಟೆ ತಿರುಗಿದರೂ ತಿಂಗಳಿಗೆ ನಾಲ್ಕು ಯೂನಿಟ್ ಆಗುವುದಿಲ್ಲ. ತಿನ್ನುವುದು ಗೀಸರ್: 25 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ಅರ್ಧ ಯೂನಿಟಿಗಿಂತ ಹೆಚ್ಚು, ಆರು ಸ್ನಾನಕ್ಕೆ ತಿಂಗಳಿಗೆ ನೂರು ಯೂನಿಟ್ ಮೇಲೆ.

ಫ್ಯಾನು ಹಾಕಿದ್ದರೂ ಉಪಯೋಗವಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಊದುಬತ್ತಿ ಹಚ್ಚಿ ತಿರುಗುವ ಫ್ಯಾನಿನ ಬಳಿ ಹಿಡಿದಾಗ ಹೊಗೆ ಒಂದು ಕ್ಷಣ ಹೊರಗೆ ವಾಲಿ, ಸುರುಳಿ ಸುತ್ತಿ, ರೆಕ್ಕೆಯ ಅಂಚಿನಿಂದ ಒಳಗೇ ಮರಳಿತು. ಫ್ಯಾನು ಊದುವುದು ಪೈಪುಗಳ ಡಕ್ಟಿಗೆ, ಅಂದರೆ ಎಲ್ಲ ಮಹಡಿಯ ಪೈಪು ಇಳಿಯುವ ಬಾವಿಯಂಥ ಜಾಗಕ್ಕೆ. ಡಕ್ಟಿನ ತಲೆಗೆ, ಮಳೆ ಬೀಳಬಾರದೆಂದು, ಹಿಂದಿನ ಬೇಸಿಗೆಯಲ್ಲಿ ವಾಟರ್‌ಪ್ರೂಫಿಂಗ್ ಮಾಡಿದವರೇ ಫೈಬರ್ ಶೀಟು ಬಿಗಿದು ಅಂಚಿಗೆ ಸಿಲಿಕಾನ್ ಹಚ್ಚಿದ್ದರು. ಮೂರು ಮಹಡಿಯ ಬಚ್ಚಲಿನ ಆವಿ ಆ ಬಾವಿಯಲ್ಲೇ ಸುತ್ತಿ ಯಾವ ಫ್ಯಾನು ಆರಿತ್ತೋ ಆ ಮನೆಯೊಳಗೆ ಬರುತ್ತಿತ್ತು. ಹಿಂದಿನ ವರ್ಷಕ್ಕಿಂತ ಈ ವರ್ಷ ಬೂಷ್ಟು ಬೇಗ ಬಂದದ್ದಕ್ಕೆ ದುರಸ್ತಿಯೇ ಒಂದು ಕಾರಣ.

ಅಡುಗೆಮನೆಯಲ್ಲಿ ಫ್ಯಾನಿನ ತೂತಿಗೆ ಪ್ಲೈವುಡ್ ಬಡಿದಿತ್ತು, ಇಲಿಗಾಗಿ. ಬೆಡ್‌ರೂಮಿನ ಎಲ್ಲ ಕಿಟಕಿಗಳೂ ಜೂನ್‌ನಿಂದ ಭದ್ರ. ಬಯಲುಸೀಮೆಯ ಹುಡುಗರಿಗೆ ಮಳೆ ಬಂದರೆ ಕಿಟಕಿ ಮುಚ್ಚುವುದೇ ಗೊತ್ತಿದ್ದದ್ದು. ಅವರ ಊರಿನಲ್ಲಿ ಮಳೆ ಒಂದು ಗಂಟೆಯದ್ದು. ಇಲ್ಲಿ ಅದು ನಾಲ್ಕು ತಿಂಗಳದ್ದು, ಮುಚ್ಚಿದ ಕಿಟಕಿ ಮುಚ್ಚಿಯೇ ಉಳಿಯುತ್ತದೆ. ಮಳೆ ಹೊಡೆಯುವುದು ನೈರುತ್ಯ, ಪಶ್ಚಿಮದಿಂದ. ಮೂಡಣದ ಕಿಟಕಿ ತೆರೆದಿಟ್ಟರೆ ಹನಿ ಒಳಗೆ ಬರುವುದು ಅಪರೂಪ. ಕರಾವಳಿಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅವರಿಗೆ ಗೊತ್ತಿರುತ್ತದೆ. ಹೊರಗಿನಿಂದ ಬಂದವರಿಗೆ ಕೀಲಿ ಕೊಡುವಾಗ ಹೇಳಿಕೊಡಬೇಕು.

ಕಿಟಕಿ ಕೆಳಗಿನ ಕಂದು ಕಲೆಯ ಕತೆ ಬೇರೆ, ಸಣ್ಣದು. ಜಾರುವ ಕಿಟಕಿಯ ಕೆಳಪಟ್ಟಿಯಲ್ಲಿ ನೀರು ಹೊರಗೆ ಹರಿಯಲು ಸಣ್ಣ ಸೀಳುಗಳಿರುತ್ತವೆ. ತೆಂಗಿನ ಕಸಬರಿಗೆಯ ಒಂದು ಕಡ್ಡಿ ಹಾಕಿ ಕೆದಕಿದಾಗ ಸೀಳಿನಿಂದ ಮೊದಲು ಗಟ್ಟಿಯಾದ ಮರಳು, ಆಮೇಲೆ ಮಳೆಹುಳುವಿನ ರೆಕ್ಕೆಗಳ ಒಂದು ಗುಪ್ಪೆ, ಕೊನೆಗೆ ಒಂದು ಲೋಟದಷ್ಟು ಕಂದು ನೀರು ಸುರಿದು ಹೊರಗೆ ಹೋಯಿತು. ಪಟ್ಟಿ ತುಂಬಿದಾಗಲೆಲ್ಲ ಆ ನೀರು ಒಳಗಿನ ಅಂಚು ದಾಟಿ ಗೋಡೆಗೆ ಇಳಿಯುತ್ತಿತ್ತು. ಜತೆಗೆ ಕಿಟಕಿಯ ಮೇಲೆ ಹೊರಚಾಚಿದ ಛಜ್ಜಾದ ಅಡಿಯಲ್ಲಿ ನೀರು ಕಡಿದು ಬೀಳಿಸುವ ಗೀರು ಇರಲಿಲ್ಲ. ಛಜ್ಜಾದ ಮೇಲಿನ ನೀರು ಅಂಚಿನಿಂದ ತೊಟ್ಟಿಕ್ಕುವ ಬದಲು ಅಡಿಮೈ ಹಿಡಿದುಕೊಂಡು ಹಿಂದಕ್ಕೆ ಬಂದು ಕಿಟಕಿ ಚೌಕಟ್ಟಿನ ಮೇಲೆ ಬೀಳುತ್ತಿತ್ತು.

ಮಳೆಯೊಳಗೆ ಮಾಡಿದ್ದು

ಮಳೆಗಾಲದ ನಡುವೆ ಎಲ್ಲ ದುರಸ್ತಿ ಆಗುವುದಿಲ್ಲ. ಒದ್ದೆ ಗೋಡೆಗೆ ಸಿಲಿಕಾನ್ ಅಂಟದು, ಬಣ್ಣ ನಿಲ್ಲದು. ಜುಲೈನಲ್ಲಿ ಬಣ್ಣದವನನ್ನು ಕರೆಯುವ ಮಾಲೀಕರು ನವೆಂಬರಿನಲ್ಲಿ ಅವನನ್ನೇ ಮತ್ತೆ ಕರೆಯುತ್ತಾರೆ. ಹಾಗಾಗಿ ಪುನರ್ವಸು ಮಳೆಯಲ್ಲಿ ಮಾಡಿದ್ದು ದಾರಿ ತೆರೆಯುವ ಕೆಲಸ ಮಾತ್ರ.

ಡಕ್ಟಿನ ಶೀಟನ್ನು ಬಿಚ್ಚಿ, ನಾಲ್ಕು ಮೂಲೆಗೆ ಒಂದೊಂದು ಅಡಿ ಎತ್ತರದ ಪೈಪಿನ ಕಾಲು ಕೊಟ್ಟು ಮತ್ತೆ ಕೂರಿಸಲಾಯಿತು. ಮಳೆ ಬೀಳದು, ಆವಿ ಬದಿಯಿಂದ ಹೋಗುತ್ತದೆ. ಕಾಗೆ, ಪಾರಿವಾಳಕ್ಕೆ ಪ್ಲಾಸ್ಟಿಕ್ ಜಾಲರಿ. ಬಚ್ಚಲುಗಳಿಗೆ ಆರು ಇಂಚಿನ ಪ್ಲಾಸ್ಟಿಕ್ ಮೈಯ ಫ್ಯಾನ್, ಮುಂದೆ ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ರೆಕ್ಕೆಪಟ್ಟಿ ಇರುವಂಥದ್ದು. ಫ್ಯಾನು ಆರಿದಾಗ ಡಕ್ಟಿನ ಗಾಳಿ ಹಿಂದಕ್ಕೆ ಬರದಿರಲು ಆ ಪಟ್ಟಿ ಬೇಕು. ಲೋಹದ ಫ್ಯಾನುಗಳು ಕಾರವಾರದ ಉಪ್ಪುಗಾಳಿಗೆ ಬೇಗ ಜಾಮ್ ಆಗುತ್ತವೆ. ಸ್ಕ್ರೂ ಕೂಡ ಸ್ಟೇನ್‌ಲೆಸ್‌ನವೇ ಇರಬೇಕು. ಹಳೆ ಜೋಡಣೆಯಲ್ಲಿ ಲೈಟು, ಫ್ಯಾನು ಒಂದೇ ಸ್ವಿಚ್ಚಿಗೆ ಇದ್ದವು, ಸ್ನಾನ ಮುಗಿಸಿ ಲೈಟು ಆರಿಸಿದರೆ ಫ್ಯಾನೂ ನಿಲ್ಲುತ್ತಿತ್ತು. ಆವಿ ಹೆಚ್ಚಿರುವುದೇ ಆ ಮುಂದಿನ ಅರ್ಧ ಗಂಟೆ. ಫ್ಯಾನಿಗೆ ಬೇರೆ ಟೈಮರ್ ಸ್ವಿಚ್ ಬಂತು, 30 ನಿಮಿಷಕ್ಕೆ ಕಟ್ಟಿದ್ದು. ಬಚ್ಚಲ ಬಾಗಿಲಿನ ತಳವನ್ನು ಎರಡು ಸೆಂಟಿಮೀಟರ್ ಕತ್ತರಿಸಲಾಯಿತು. ಇದನ್ನು ಬಹಳ ಮಂದಿ ಮರೆಯುತ್ತಾರೆ. ಒಳಗೆ ಗಾಳಿ ಬರಲು ಸಂದಿಯಿಲ್ಲದಿದ್ದರೆ ಫ್ಯಾನು ಸದ್ದು ಮಾಡುತ್ತದೆಯೇ ಹೊರತು ಗಾಳಿ ಎಳೆಯುವುದಿಲ್ಲ. ಅಡುಗೆಮನೆಯ ಪ್ಲೈವುಡ್ ತೆಗೆದು ಒಂಬತ್ತು ಇಂಚಿನ ಫ್ಯಾನ್, ಹೊರಗೆ ಇಲಿ ಜಾಲರಿ.

ಅನಿಲದ ನೀರು ತಪ್ಪಿಸಲು ಇಂಡಕ್ಷನ್ ಒಲೆ ತರುವ ಮಾತು ಬಂತು. ಫ್ಲಾಟಿನ ಮಂಜೂರಾದ ಲೋಡ್ 3 ಕಿಲೋವಾಟ್. ಗೀಸರೊಂದೇ ಅಷ್ಟನ್ನು ತಿನ್ನುತ್ತದೆ, ಮೇಲೆ 2 ಕಿಲೋವಾಟಿನ ಒಲೆ ಬಂದರೆ ಎಂಸಿಬಿ (ಲೋಡ್ ಮೀರಿದರೆ ಕರೆಂಟು ಕಡಿಯುವ ಸ್ವಿಚ್) ಬೀಳುತ್ತದೆ. ಬಿಟ್ಟರು. ಇದೇ ಹೊತ್ತಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ಕಡಿದು ಶಾಕ್ ತಪ್ಪಿಸುವ ಸ್ವಿಚ್) ಪದೇ ಪದೇ ಬೀಳುತ್ತಿದ್ದುದನ್ನೂ ನೋಡಲಾಯಿತು. ಪಡುವಣ ಬಚ್ಚಲಿನ ಗೀಸರ್ ಸಾಕೆಟ್ಟಿನೊಳಗೆ ನೀರಹನಿ ಕೂತಿತ್ತು. ಹುಡುಗರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿಸುವ ಯೋಚನೆಯಲ್ಲಿದ್ದರು. ಅದು ಜೀವದ ಜೊತೆ ಆಟ. ಸಾಕೆಟ್ ಬದಲಾಯಿತು, ರಬ್ಬರ್ ಅಂಚಿನ ಮುಚ್ಚಳ ಬಂತು.

ಬಟ್ಟೆಗೆ ಎರಡು ಹಂತ. ನೆಲಮಹಡಿಯಲ್ಲಿ ಮೆಟ್ಟಿಲ ಕೆಳಗೆ ನಾಲ್ಕು ವಿದ್ಯಾರ್ಥಿ ಫ್ಲಾಟುಗಳಿಗೂ ಸೇರಿ ಒಂದು ಸ್ಪಿನ್ನರ್, ಒಗೆಯುವ ಯಂತ್ರವಲ್ಲ, ಹಿಂಡುವ ಡ್ರಮ್ಮು ಮಾತ್ರ. ಐದು ನಿಮಿಷ ತಿರುಗಿಸಿದರೆ ಬಟ್ಟೆಯಲ್ಲಿ ಉಳಿಯುವ ನೀರು ತೂಕದ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಈ ಫ್ಲಾಟಿನ ಲೆಕ್ಕದಲ್ಲೇ ದಿನಕ್ಕೆ ಒಂದು ಲೀಟರ್ ಉಳಿತಾಯ. ಆಮೇಲೆ ಟೆರೇಸಿನಲ್ಲಿ ಬದಿ ತೆರೆದ ಮಾಡು, 10 ಅಡಿಗೆ 20 ಅಡಿ. ಕಬ್ಬಿಣದ ತಗಡು ಇಲ್ಲಿ ಬೇಗ ತುಕ್ಕು ಹಿಡಿಯುವುದರಿಂದ ಗಟ್ಟಿ ಪ್ಲಾಸ್ಟಿಕ್ಕಿನ ಯುಪಿವಿಸಿ ಶೀಟು. ಪಡುವಣಕ್ಕೆ ಮೂರಡಿ ಹೊರಚಾಚು, ಅದರಿಂದ ಕೆಳಗೆ ಶೇಡ್‌ನೆಟ್ ಪರದೆ, ಹನಿ ತಡೆದು ಗಾಳಿ ಬಿಡುವಂಥದ್ದು. ಮಾಡಿನ ಕಾಲುಗಳನ್ನು ವಾಟರ್‌ಪ್ರೂಫಿಂಗ್ ತೂತು ಮಾಡಿ ನೆಡದೆ ಪ್ಯಾರಪೆಟ್ ಗೋಡೆಗೆ ಬಿಗಿಯಬೇಕು. ನಗರಸಭೆಯ ಅನುಮತಿ ಕೇಳಿಯೇ ಶುರು ಮಾಡುವುದು ಒಳ್ಳೆಯದು. ಹಗ್ಗಗಳು ಗಾಳಿಯ ದಿಕ್ಕಿಗೇ, ಅಂದರೆ ಪೂರ್ವ ಪಶ್ಚಿಮವಾಗಿ, ಒಂದಡಿ ಅಂತರದಲ್ಲಿ. ಅಡ್ಡ ಕಟ್ಟಿದರೆ ಮೊದಲ ಸಾಲಿನ ಬೆಡ್‌ಶೀಟು ಹಿಂದಿನ ಎಲ್ಲ ಸಾಲಿಗೂ ಗಾಳಿ ತಡೆಯುತ್ತದೆ. ಮೊದಲ ವಾರ ಅಡ್ಡವೇ ಕಟ್ಟಿದ್ದರು.

ಈ ಮಾಡು ಬರುವ ಮುಂಚೆಯೇ ಕರಾರಿನಲ್ಲಿ ಒಂದು ಸಾಲಿತ್ತು: ಕೋಣೆಯೊಳಗೆ ಬಟ್ಟೆ ಒಣಗಿಸತಕ್ಕದ್ದಲ್ಲ. ಒಣಗಿಸಲು ಬೇರೆ ಜಾಗ ಕೊಡದೆ ಬರೆದ ಇಂಥ ಸಾಲು ಡೆಪಾಸಿಟ್ ಮುರಿಯಲು ಉಪಯೋಗವಾದೀತು, ಗೋಡೆಗೆ ಉಪಯೋಗವಿಲ್ಲ.

ಬೂಷ್ಟು ತೆಗೆಯುವ ಕ್ರಮ ಇದು. ಒಣ ಪೊರಕೆಯಿಂದ ಗುಡಿಸಿದರೆ ಬೀಜಗಳು ಕೋಣೆಯೆಲ್ಲ ಹಾರುತ್ತವೆ, ಉಬ್ಬಸದವನಿಗೆ ಅದೇ ವಿಷ. ಮೊದಲು ಸೋಪು ನೀರಿನ ಬಟ್ಟೆಯಿಂದ ಒರೆಸಿ, ಬಟ್ಟೆ ಎಸೆಯಬೇಕು. ಆಮೇಲೆ ಒಂದು ಲೀಟರ್ ನೀರಿಗೆ 30 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕಲಸಿ, ಗಸಿ ಇಳಿಯಲು ಬಿಟ್ಟು, ತಿಳಿಯನ್ನು ಹಚ್ಚಿ, ಹದಿನೈದು ನಿಮಿಷ ಬಿಟ್ಟು, ನೀರಿನ ಬಟ್ಟೆಯಿಂದ ಒರೆಸಿ, ಫ್ಯಾನು ಹಾಕಿ ಒಣಗಿಸಬೇಕು. ತೆರೆದ ಚೀಲದ ಹಳೆ ಪುಡಿಯಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಕೈಗವಸು, ಮಾಸ್ಕು, ತೆರೆದ ಕಿಟಕಿ ಕಡ್ಡಾಯ. ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಇದರ ಹತ್ತಿರ ತರಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಪಾಟುಗಳನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸಿ, ನಾಲ್ಕು ಇಂಚು ಸಂದಿ ಬಿಡಲಾಯಿತು. ಮಂಚಗಳೂ ಹಾಗೆಯೇ.

ಆಮೇಲಿನ ಅಂಕಿ

ಎರಡು ವಾರದ ಬಳಿಕ ಬೆಡ್‌ರೂಮಿನ ಬೆಳಗಿನ ತೇವದ ಅಳತೆ 95ರಿಂದ 88ಕ್ಕೆ ಬಂತು, ಸಂಜೆಯದು 84ಕ್ಕೆ. ಒರೆಸಿದ ಮೂಲೆಗಳಲ್ಲಿ ಆಶ್ಲೇಷಾ ಮುಗಿಯುವವರೆಗೆ ಹೊಸ ಚುಕ್ಕೆ ಬರಲಿಲ್ಲ, ಒಂದು ಕಡೆ ಬಿಟ್ಟು: ಒಬ್ಬ ಹುಡುಗ ಕಪಾಟನ್ನು ಮತ್ತೆ ಹೊರಗೋಡೆಗೆ ತಳ್ಳಿದ್ದ, ಓದುವ ಮೇಜಿಗೆ ಜಾಗ ಬೇಕಿತ್ತಂತೆ. ಆರು ಮಂಚದ ಮನೆಯಲ್ಲಿ ಅವನನ್ನು ಬೈಯುವುದೂ ಕಷ್ಟ.

ಚರ್ಮದ ಶೂಗಳ ಬೂಷ್ಟು ನಿಲ್ಲಲಿಲ್ಲ. ಹೊರಗಿನ ಗಾಳಿಯೇ 90 ಇರುವಾಗ ಎಷ್ಟು ಕಿಟಕಿ ತೆರೆದರೂ ಶೂಗೆ 80ರ ಕೆಳಗಿನ ಗಾಳಿ ಸಿಗುವುದಿಲ್ಲ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯೊಂದಿಗೆ ಇಡುವುದು, ಇಲ್ಲವೇ ಮಳೆಗಾಲದಲ್ಲಿ ಚರ್ಮದ್ದನ್ನು ಊರಿಗೆ ಕಳಿಸುವುದು. ಪುಸ್ತಕ, ಸರ್ಟಿಫಿಕೇಟಿಗೂ ಇದೇ ಡಬ್ಬ.

ಹಣದ ಪ್ರಶ್ನೆ ಹುಡುಗರ ಕಾಲೇಜಿನ ವಾರ್ಡನ್ ಮುಂದೆ ಬಗೆಹರಿಯಿತು. ಮಾಲೀಕರು ಬಣ್ಣದ ಖರ್ಚನ್ನು ಆರು ಡೆಪಾಸಿಟ್‌ಗಳಿಂದ ಸಮನಾಗಿ ಮುರಿಯಬೇಕೆಂದಿದ್ದರು. ಆದರೆ ಕಲೆಗಳ ನಕ್ಷೆ ಮತ್ತು ತೇವದ ಅಳತೆಯ ಪಟ್ಟಿ ಮೇಜಿನ ಮೇಲಿತ್ತು. ಡಕ್ಟು, ಫ್ಯಾನು, ಕಿಟಕಿ, ಛಜ್ಜಾ ಮಾಲೀಕರ ಪಾಲಿಗೆ. ಸ್ಪಿನ್ನರ್ ಮತ್ತು ಮಾಡಿನ ಖರ್ಚು ಕಾಲೇಜು ಮತ್ತು ಮಾಲೀಕರು ಅರ್ಧರ್ಧ. ಒರೆಸುವುದು, ಜಾಲರಿ ತೊಳೆಯುವುದು, ಕಿಟಕಿ ಸೀಳನ್ನು ಮೇ ಕೊನೆಗೂ ಜುಲೈನಲ್ಲೂ ಕಡ್ಡಿ ಹಾಕಿ ಬಿಡಿಸುವುದು ಹುಡುಗರಿಗೆ. ಡೆಪಾಸಿಟ್‌ಗೆ ಕೈ ಹಚ್ಚಲಿಲ್ಲ. ಇನ್ನು ಮುಂದೆ ಕೀಲಿ ಕೊಡುವ ದಿನ ಮತ್ತು ಮೇ 31ರಂದು ಪ್ರತಿ ಗೋಡೆಯ ಫೋಟೊ ತೆಗೆದು ಎರಡೂ ಕಡೆಯವರ ಫೋನಿನಲ್ಲಿ ಇಡಬೇಕೆಂದು ಬರೆದುಕೊಳ್ಳಲಾಯಿತು. ಮಂಚ ಆರರಿಂದ ಐದಕ್ಕೆ ಇಳಿಸುವ ವಿಷಯದಲ್ಲಿ ಮಾತ್ರ ಒಮ್ಮತ ಆಗಲಿಲ್ಲ. ಈ ಅಳತೆಯ ಫ್ಲಾಟಿಗೆ ನಾಲ್ಕೇ ಸರಿ. ಒಂದು ಮಂಚದ ಬಾಡಿಗೆ ಬಿಡಲು ಮಾಲೀಕರಿಗೆ ಮನಸ್ಸಿಲ್ಲ, ತಲೆಗೆ ಹೆಚ್ಚು ಕೊಡಲು ಹುಡುಗರ ಬಳಿ ಹಣವಿಲ್ಲ.

ನವೆಂಬರಿನಲ್ಲಿ ಛಜ್ಜಾದ ಅಡಿಗೆ, ಅಂಚಿನಿಂದ ಒಂದೂವರೆ ಇಂಚು ಒಳಗೆ, ಗ್ರೈಂಡರಿನಿಂದ ಗೀರು ಕೊರೆದು, ಕಿಟಕಿ ಚೌಕಟ್ಟಿನ ಹಳೆ ಸಿಲಿಕಾನ್ ಕೆತ್ತಿ ಹೊಸದು ಹಚ್ಚಲಾಯಿತು. ಕಂದು ಕಲೆಯ ಗಿಲಾವು ಬಡಿದು ತೆಗೆದು ಎರಡು ತಿಂಗಳು ಹಾಗೇ ಒಣಗಲು ಬಿಡಲಾಗಿದೆ. ಜನವರಿಯಲ್ಲಿ ಮತ್ತೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹಿಂಬದಿ ಒಣಗಿದ್ದರೆ ಮಾತ್ರ ಗಿಲಾವು. ಬೆಡ್‌ರೂಮಿನ ಪ್ಲಾಸ್ಟಿಕ್ ಎಮಲ್ಷನ್ ಕೆರೆದು ಸುಣ್ಣ ಹೊಡೆಯುವ ಸಲಹೆ ಮಾಲೀಕರಿಗೆ ಹಿಡಿಸಿಲ್ಲ. ಮೈಗೆ ಅಂಟುತ್ತದೆ, ಬಾಡಿಗೆ ಮನೆಗೆ ಕಳೆ ಇರುವುದಿಲ್ಲ ಎನ್ನುತ್ತಾರೆ. ಸುಣ್ಣದ ಕ್ಷಾರದ ಮೇಲೆ ಬೂಷ್ಟು ಸುಲಭಕ್ಕೆ ಏಳುವುದಿಲ್ಲ ಎಂದು ಹೇಳಿದ್ದಕ್ಕೆ, ಒಂದು ಕೋಣೆಯಲ್ಲಿ ನೋಡೋಣ ಎಂದಿದ್ದಾರೆ.